ಕಮಳಾಬಾಯಿಯವರ ನಾಲ್ಕು ಮೂಲೆ

ಕಮಳಾಬಾಯಿಯವರಿಗೆ ಹೆದರಿಕೆ ಎಂಬುದು ಉಟ್ಟ ಸೀರೆಯಿದ್ದ ಹಾಗೆ. ಅದಿಲ್ಲದೆ ಅವರು ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ಬಸವಕಲ್ಯಾಣದ ಮನೆಗೆ ಬೀಗ ಹಾಕಿ, ಜಗ್ಗಿ ನೋಡಿ, ಓಣಿಯ ತುದಿಯವರೆಗೆ ಹೋಗಿ, ತಿರುಗಿ ಬಂದು ಮತ್ತೊಮ್ಮೆ ಜಗ್ಗಿದ ಮೇಲೆಯೇ ಮೋರಖಂಡಿಯ ಬಸ್ಸು ಹತ್ತುವುದು. ಅಲ್ಲಿನ ಸರಕಾರಿ ಶಾಲೆಯಲ್ಲಿ ಗಣಿತ ಕಲಿಸುತ್ತಲೇ ಅವರ ಕೂದಲು ಹಣ್ಣಾಯಿತು. ಸಾಹೇಬರು ತಪಾಸಣೆಗೆ ಬಂದರೆ ಹೆದರಿಕೆ, ಬರದಿದ್ದರೆ ಯಾವಾಗ ಬಂದಾರೋ ಎಂಬ ಹೆದರಿಕೆ. ಇವೆಲ್ಲಕ್ಕೂ ತಾಯಿಯಂಥ ಹೆದರಿಕೆ ಇನ್ನೊಂದಿತ್ತು: ಮಕ್ಕಳೆದುರು ನಿಂತು ‘ನನಗೆ ಗೊತ್ತಿಲ್ಲ’ ಎನ್ನುವ ದಿನ ಬಂದುಬಿಟ್ಟರೆ?

ಎಷ್ಟೋ ವರ್ಷ ಆ ದಿನ ಬರಲಿಲ್ಲ. ಆಮೇಲೆ ಅರ್ಷಿಯಾ ಬಂದಳು.

ಅರ್ಷಿಯಾ ಊರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಲಾಲ್ ಅಹ್ಮದನ ಮಗಳು, ಏಳನೆಯ ಕ್ಲಾಸು. ಲೆಕ್ಕ ಬೋರ್ಡಿನ ಮೇಲೆ ಪೂರ್ತಿ ಇಳಿಯುವ ಮೊದಲೇ ಉತ್ತರ ಹೇಳಿಬಿಡುವಳು. ಹೇಳಿ ಸುಮ್ಮನೆ ಕೂತರೆ ಪುಣ್ಯ! “ಮೇಡಂ, ಸೊನ್ನಿಲಿಂದ ಭಾಗಾಕಾರ ಯಾಕ ಮಾಡಬಾರದ್ರಿ?” ಎಂದು ಎದ್ದು ನಿಲ್ಲುವಳು. “ಅದು ಮುಂದಿನ ಕ್ಲಾಸಿಗಿ ಬರತದ, ಕುಂದ್ರು,” ಎಂದು ಕಮಳಾಬಾಯಿ ಸೆರಗಿನಿಂದ ಮುಖ ಒರೆಸಿಕೊಳ್ಳುವರು. ಉಳಿದ ಮಕ್ಕಳೋ, ಅವಳಿದ್ದಾಳಲ್ಲ ಎಂದು ಪೆನ್ಸಿಲು ಕೆಳಗಿಟ್ಟು ಆರಾಮಾಗಿದ್ದರು.

ಇಂಥ ಹುಡುಗಿಗೂ ಒಂದು ಅಂಜಿಕೆಯಿತ್ತು, ಅದೂ ಅಂತಿಂಥದ್ದಲ್ಲ. ಹಿಂದಿನ ವರ್ಷ ಪರೀಕ್ಷೆಯಲ್ಲಿ ಒಂದೇ ಒಂದು ಲೆಕ್ಕ ತಪ್ಪಿತ್ತು. ಉತ್ತರಪತ್ರಿಕೆಯನ್ನು ಚೂರು ಚೂರು ಮಾಡಿ, ಮನೆಯಲ್ಲಿ ಗೋಡೆಗೆ ಮುಖ ಹಾಕಿ ಮಲಗಿದವಳು ಎಷ್ಟೋ ದಿನ ಶಾಲೆಯ ಕಡೆ ಸುಳಿಯಲಿಲ್ಲ. ಲಾಲ್ ಅಹ್ಮದ್ ಎಣ್ಣೆ ಮೆತ್ತಿದ ಕೈಯಲ್ಲೇ ಶಾಲೆಗೆ ಓಡಿ ಬಂದಿದ್ದ. “ಇನ್ನೊಮ್ಮೆ ಹಿಂಗಾದ್ರ ಈ ಪೋರಿ ಸಾಲಿ ಮುಖ ನೋಡಂಗಿಲ್ಲ ಮೇಡಂ. ನನಗ ಅಂಜಿಕಿ ಆಗಾಕತ್ತದ,” ಎಂದಿದ್ದ. ಹೆದರಿಕೆಯ ವಿಷಯದಲ್ಲಿ ಕಮಳಾಬಾಯಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ.

ಭಾನುವಾರಗಳಲ್ಲಿ ಅವರು ಓಣಿಯ ಹೆಂಗಸರೊಂದಿಗೆ ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಮೂಲೆಗೊಬ್ಬರು ಕೂತು ನಡುವಿನ ಕಡೆಗೆ ಹೊಲಿಗೆ ಹಾಕಿಕೊಂಡು ಬರುವ ಕೆಲಸ. ಕೈ ಚುರುಕಿನವಳು ತನ್ನ ಪಾಡಿಗೆ ಮುಂದೆ ಓಡಿದರೆ ಕೌದಿ ಸುಕ್ಕುಗಟ್ಟುತ್ತದೆ. ಅದಕ್ಕೇ ಅವಳು ನಿಂತು, ಪಕ್ಕದವಳ ದಾರ ನೋಡಿ, ಕೈ ತಪ್ಪಿದಲ್ಲಿ ತಿದ್ದಿ, ಆಮೇಲೆ ಮುಂದೆ ಹೋಗಬೇಕು.

ಇದನ್ನೇ ಕ್ಲಾಸಿಗೆ ತಂದರು; “ಕೌದಿ ಹೊಲಿದಂಗ ಒಬ್ಬೊಬ್ಬರು ಒಂದೊಂದು ಮೂಲಿ ಹಿಡೀರಿ,” ಎಂದರು. ಅರ್ಷಿಯಾ, ಕೂಲಿ ಮಾಡುವ ಮಚ್ಚೇಂದ್ರನ ಮಗ ಅಜೀತ, ಮಾತು ಕಡಿಮೆಯ ಸುಮೇಧಾ, ಒಂದೆಡೆ ಕೂರಲಾರದ ಅಕ್ರಮ್, ಈ ನಾಲ್ವರದೊಂದು ಗುಂಪು. ಗುಂಪಿನ ಪರವಾಗಿ ಯಾರು ಉತ್ತರ ಹೇಳಬೇಕೆಂದು ಆರಿಸುವವರು ಮೇಡಂ. ಅಂದ ಮೇಲೆ ನಾಲ್ವರಿಗೂ ಲೆಕ್ಕ ಬರಲೇಬೇಕು, ಇಲ್ಲದಿದ್ದರೆ ಯಾರಿಗೂ ಬಂದಂತಲ್ಲ. ಹೆಡ್‌ಮಾಸ್ತರರು ಹಾಡಿ ಹೊಗಳಿದರು. ಆದರೆ ನಿಜ ಹೇಳಬೇಕೆಂದರೆ, ಅರ್ಷಿಯಾಳ ಪ್ರಶ್ನೆಗಳು ತಮ್ಮ ಕಡೆ ಬರದೆ ಗುಂಪಿನಲ್ಲೇ ಸುತ್ತುತ್ತಿರಲಿ ಎಂಬುದೂ ಕಮಳಾಬಾಯಿಯ ಹಿಕಮತ್ತಾಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಗುಂಪು ಕುದುರಿತು. ಅರ್ಷಿಯಾ ಬೈದು ಬೈದು ಕಲಿಸಿದಳು. ಮೊದಲು ಬೆಂಚಿನ ಕೆಳಗೆ ಮುಖ ಮರೆಸುತ್ತಿದ್ದ ಅಜೀತ, “ಇನ್ನಾ ತಿಳಿಲಿಲ್ಲ, ತಿರುಗಿ ಹೇಳು,” ಎಂದು ಧೈರ್ಯವಾಗಿ ಕೇಳತೊಡಗಿದ. ಆದರೆ ಅರ್ಷಿಯಾ ಮೇಡಂ ಕಡೆ ತಿರುಗಿ ಪ್ರಶ್ನೆ ಕೇಳುವುದು ಪೂರ್ತಿ ನಿಂತಿತು. ಬೇಕೆಂದದ್ದು ಸಿಕ್ಕಿದ ಕೂಡಲೇ ಕಮಳಾಬಾಯಿಗೆ ಹೊಸ ಹೆದರಿಕೆ ಹಿಡಿಯಿತು: ನನ್ನ ಪುಕ್ಕಲುತನಕ್ಕೆ ಹುಡುಗಿಯ ಬುದ್ಧಿಗೇ ಬೇಲಿ ಹಾಕಿಬಿಟ್ಟೆನೇ?

ಇದರ ಮೇಲೆ ಹುಮನಾಬಾದಿನ ಗಣಿತ ಸ್ಪರ್ಧೆ ಬಂತು. ನಾಲ್ಕು ಮಕ್ಕಳ ಗುಂಪುಗಳಿಗೇ ಇಟ್ಟ ಸ್ಪರ್ಧೆ. ಬಸ್ಸಿನ ಹತ್ತಿರ ಲಾಲ್ ಅಹ್ಮದ್ ಮೆಲ್ಲಗೆ, “ನಿಮ್ಮ ಭರೋಸಾ ಮ್ಯಾಲ ಕಳಸಾಕತ್ತೀನ್ರಿ. ಗೆಲ್ಲೂದು ಬ್ಯಾಡ. ಪೋರಿ ಮುರೀಬಾರದು, ಅಷ್ಟಾ,” ಎಂದ. ದಾರಿಯುದ್ದಕ್ಕೂ ಕಮಳಾಬಾಯಿ ಮಕ್ಕಳನ್ನು ಮತ್ತೆ ಮತ್ತೆ ಎಣಿಸಿದರು.

ಸ್ಪರ್ಧೆ ನಡೆದದ್ದು ಹೆದ್ದಾರಿಯ ಪಕ್ಕದ ಶಾಲೆಯಲ್ಲಿ. ಅಂಗಳದ ಬೇವಿನ ಮರದ ಎತ್ತರವನ್ನು ಮರ ಹತ್ತದೆ ಕಂಡುಹಿಡಿಯಬೇಕು. ಕೈಗೆ ಕೊಟ್ಟದ್ದು ಒಂದು ಕೋಲು, ಅಳತೆಯ ಟೇಪು, ಹಾಳೆ. ಅರ್ಷಿಯಾ ನಕ್ಕಳು. ಕೋಲಿನ ನೆರಳು, ಮರದ ನೆರಳು, ಎರಡನ್ನೂ ಅಳೆದರೆ ಮುಗಿಯಿತು. ಅವಳು ಕೋಲು ನೆಟ್ಟಳೋ ಇಲ್ಲವೋ, ಮೋಡ ಮುಚ್ಚಿತು. ಕೋಲಿಗೂ ನೆರಳಿಲ್ಲ, ಮರಕ್ಕೂ ಇಲ್ಲ.

ಬಿಸಿಲಿಗಾಗಿ ಕಾದರು. ಬರಲಿಲ್ಲ. ಅರ್ಷಿಯಾಳ ತುಟಿ ಬಿಳಿಚಿದ್ದು ದೂರದಲ್ಲಿ ನಿಂತ ಕಮಳಾಬಾಯಿಗೂ ಕಂಡಿತು. ಉಸ್ತುವಾರಿಯವರು ಬಂದು, “ಏನು ಮಾಡ್ತೀಯಮ್ಮ ಈಗ?” ಎಂದು ಕೇಳಿದರು. ಹುಡುಗಿ ಮೋಡದ ಕಡೆ ನೋಡಿದಳು. ಕೋಲು ಬಿಸಾಕಿ ಓಡಿಯೇಬಿಟ್ಟಳು. ಹಿಂದೆಯೇ ಉಳಿದ ಮೂವರೂ ಓಡಿ, ಮಕ್ಕಳ ಗದ್ದಲದಲ್ಲಿ ಮರೆಯಾದರು.

ಕಮಳಾಬಾಯಿ ಗೇಟಿನ ಕಡೆ ಓಡಿದರು. ಗೇಟು ಹಾರು ಹೊಡೆದಿತ್ತು. ಆಚೆ ಹೆದ್ದಾರಿಯಲ್ಲಿ ಲಾರಿಗಳು ಒಂದರ ಬೆನ್ನಿಗೊಂದು ಅಬ್ಬರಿಸುತ್ತಿದ್ದವು. “ಅರ್ಷಿಯಾ! ಅಜೀತಾ!” ಎಂದು ಕೂಗಿದರೆ ಕೂಗು ಆ ಅಬ್ಬರದಲ್ಲಿ ಮುಳುಗಿತು. ಪ್ರತಿ ಹಾರ್ನಿಗೂ ಕಣ್ಣು ಮುಚ್ಚಿಕೊಂಡರು. ನೀಲಿ ಸಮವಸ್ತ್ರ ಟಾರಿನ ಮೇಲೆ ಬಿದ್ದಿದೆಯೇನೋ ಎಂದು ನೋಡಲೂ ಭಯ, ನೋಡದಿರಲೂ ಭಯ. ಲಾಲ್ ಅಹ್ಮದನಿಗೆ ಏನೆಂದು ಹೇಳಲಿ? ಒಂದಷ್ಟು ದೂರ ರಸ್ತೆಯ ಅಂಚಿನಲ್ಲಿ ಓಡಿ, ಏದುಸಿರು ಬಿಡುತ್ತ ಅಂಗಳಕ್ಕೆ ವಾಪಸು ಬಂದರು. ಆಗ ನೀರಿನ ಟಾಕಿಯ ಹಿಂದಿನಿಂದ ಬಿಕ್ಕುವ ಸದ್ದು ಕೇಳಿಸಿತು.

ಬದುಕಿಕೊಂಡೆ ಎನ್ನಿಸಿತು ಅವರಿಗೆ. ಉಳಿದ ಮೂವರ ನಡುವೆ ಅರ್ಷಿಯಾ ಗೋಡೆಗೆ ಮುಖ ಹಾಕಿ ಕೂತಿದ್ದಳು. ಹಿಂದಿನ ವರ್ಷದ ಹಾಗೆಯೇ. ಕಮಳಾಬಾಯಿ ಮುಂದೆ ಹೋಗಲು ಅಂಜಿದರು. ಏನು ಹೇಳಿದರೆ ಏನು ಮುರಿದೀತೋ!

“ನನಗ ಗೊತ್ತಿಲ್ಲ. ನನಗ ಏನೂ ಗೊತ್ತಿಲ್ಲ,” ಎನ್ನುತ್ತಿದ್ದಳು ಹುಡುಗಿ.

“ಅಷ್ಟಾ?” ಎಂದ ಅಜೀತ. ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. “ನನಗ ದಿನಾ ಗೊತ್ತಿರಂಗಿಲ್ಲ. ಏನೂ ಆಗಂಗಿಲ್ಲ ಅರ್ಷಿಯಾ. ಒಂದೀಟು ಹೊಟ್ಟ್ಯಾಗ ಹ್ಯಾಂಗೋ ಆಗತದ, ಆಮ್ಯಾಲ ಹೋಗತದ.”

“ಹೋಗತದ?” ಗೋಡೆಯ ಕಡೆಯಿಂದಲೇ ಕೇಳಿದಳು.

“ಹೋಗತದ. ನಮ್ಮಪ್ಪ ಜಾಲಿ ಮರ ಕಡಿಯೂ ಮುಂದ ಬಗ್ಗಿ ಕಾಲಸಂದ್ಯಾಗಿಂದ ತುದಿ ನೋಡ್ತಾನ. ತುದಿ ಕಂಡಲ್ಲಿ ನಿಂತ್ರ ಮರ ಮೈಮ್ಯಾಲ ಬೀಳಂಗಿಲ್ಲಂತ. ಯಾಕಂತ ನನಗ ಗೊತ್ತಿಲ್ಲ. ಅವಗೂ ಗೊತ್ತಿಲ್ಲ.”

ಬಗ್ಗಿ ತೋರಿಸಲು ಹೋಗಿ ಅವನು ಮುಗ್ಗರಿಸಿ ಬಿದ್ದ. ಅಕ್ರಮ್ ಕಿಸಕ್ಕೆಂದ. ಅರ್ಷಿಯಾ ತಿರುಗಿದಳು. ಕಣ್ಣಲ್ಲಿ ನೀರಿತ್ತು, ಆದರೂ ಅಜೀತನ ಬಾಗಿದ ಮೈಯನ್ನು ಅಳೆಯುವವಳಂತೆ ನೋಡಿದಳು. ಸಮವಸ್ತ್ರದ ಜೇಬಿನಿಂದ ಹಾಳೆ ತೆಗೆದು ಚೌಕ ಮಾಡಿ, ಮೂಲೆಯಿಂದ ಮೂಲೆಗೆ ಮಡಚಿದಳು. “ಅರ್ಧ ಲಂಬಕೋನ! ಇದರ ಓರೆಗುಂಟ ತುದಿ ಕಂಡ್ರ, ಮರದ ಎತ್ತರ, ಮರದತನಕ ಇರೂ ದೂರ, ಎರಡೂ ಸಮ!”

“ನಮ್ಮ ಕಣ್ಣು ನೆಲದ ಮ್ಯಾಲಿಲ್ಲಲ್ಲ. ಕಣ್ಣಿನ ಎತ್ತರ ಕೂಡಿಸಬೇಕು,” ಎಂದಳು ಸುಮೇಧಾ.

ಅವರು ಅಳೆದು ಮುಗಿಸುವಷ್ಟರಲ್ಲಿ ಗಂಟೆ ಬಾರಿಸಿಯಾಗಿತ್ತು. ಬಹುಮಾನ ಬೇರೆ ಶಾಲೆಯ ಪಾಲಾಯಿತು.

ವಾಪಸು ಬರುವ ಬಸ್ಸಿನಲ್ಲಿ ನಾಲ್ವರೂ ಒಂದೇ ಸೀಟಿನಲ್ಲಿ ಒತ್ತೊತ್ತಾಗಿ ಕೂತರು. ರಾಜೇಶ್ವರ ಊರು ದಾಟಿದ ಮೇಲೆ ಅರ್ಷಿಯಾ ಹಿಂದಿನ ಸೀಟಿನಲ್ಲಿದ್ದ ಮೇಡಂ ಕಡೆ ತಿರುಗಿದಳು. ಎಷ್ಟೋ ತಿಂಗಳ ಮೇಲೆ. “ಮೇಡಂ, ಚಂದ್ರ ಎಷ್ಟು ದೂರ ಅದ ಅಂತ ಮೊದಲ ಹ್ಯಾಂಗ ಅಳದಾರ್ರಿ? ಅಲ್ಲಿತನಕ ಟೇಪು ಹಿಡ್ಯಾಕ ಬರಂಗಿಲ್ಲಲ್ಲ?”

ಕಮಳಾಬಾಯಿಯ ಕೈ ಸೆರಗಿನ ಕಡೆ ಹೋಯಿತು. ‘ಮುಂದಿನ ಕ್ಲಾಸಿಗಿ ಬರತದ’ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು.  ಅವರು ಅಜೀತನ ಮುಖ ನೋಡಿದರು.

“ನನಗ ಗೊತ್ತಿಲ್ಲವ್ವ,” ಎಂದರು.

ಯಾರೂ ನಗಲಿಲ್ಲ. ಹೊಟ್ಟೆಯಲ್ಲಿ ಹೇಗೋ ಆಯಿತು, ಅಜೀತ ಹೇಳಿದ್ದ ಹಾಗೆಯೇ. ಅವನು ಅಕ್ರಮನನ್ನು ಅತ್ತ ನೂಕಿ ಸೀಟಿನಲ್ಲಿ ಗೇಣು ಜಾಗ ಮಾಡಿದ. “ಹಂಗಾರ ಇಲ್ಲಿ ಬರ್ರಿ ಮೇಡಂ. ನೀವೂ ಒಂದು ಮೂಲಿ ಹಿಡೀರಿ.”