ಮಾವನ ಬಂದೂಕಿಗೆ ಹಳೇ ಸಾಸಿವೆ

ಮಾವನ ಎಡಗೈ ಹೆಬ್ಬೆರಳು ತೋರುಬೆರಳಿನ ಮೇಲೆ ಸದಾ ಉಜ್ಜುತ್ತಲೇ ಇರುತ್ತಿತ್ತು. ಗೊತ್ತಿಲ್ಲದವರು ನೋಡಿದರೆ ಹೊಗೆಸೊಪ್ಪಿಗೆ ಸುಣ್ಣ ತಿಕ್ಕುತ್ತಿದ್ದಾರೆ ಅಂದುಕೊಳ್ಳಬೇಕು. ನೆಂಟರೊಬ್ಬರು "ನಂಗೂ ಒಸಿ ಕೊಡಿ" ಅಂತ ಅಂಗೈ ಚಾಚಿಯೂ ಬಿಟ್ಟಿದ್ದರು. ಮಾವ ಜನ್ಮದಲ್ಲಿ ಹೊಗೆಸೊಪ್ಪು ಮುಟ್ಟಿದವರಲ್ಲ. ಅದು ನಡುಕದ ರೋಗ. ಹಾಸನದ ಡಾಕ್ಟರು ಮಾತ್ರೆ ಬರೆದುಕೊಟ್ಟು, ಇದು ನಿಧಾನಕ್ಕೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ ಎಂದು ಹೇಳಿ ಕಳಿಸಿದ್ದರು. ನೆಂಟರ ಚಾಚಿದ ಅಂಗೈ ನೋಡಿ ಮಾವ ನಕ್ಕರು. "ಇದು ಹಂಚ್ಕೊಳ್ಳೋ ಅಂಥದ್ದಲ್ಲ ಕಣಪ್ಪ" ಅಂದರು.

ಮಾವ ಎಂದರೆ ನನ್ನ ಗಂಡನ ತಂದೆ. ಸೈನ್ಯದಲ್ಲಿ ಹೊಸ ಹುಡುಗರಿಗೆ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದವರು. ನಿವೃತ್ತಿಯಾಗಿ ಗಂಡಸಿ ಪಕ್ಕದ ನಮ್ಮೂರಿಗೆ ಬಂದ ಮೇಲೆ ಒಂದು ಏರ್ ರೈಫಲ್ ಕೊಂಡುಕೊಂಡರು. ಭಾನುವಾರ ಬೆಳಗ್ಗೆ ಕಾಫಿ ಕುಡಿದು, ತೆಂಗಿನ ತೋಟದ ಹಿಂದಿನ ಮಣ್ಣಿನ ದಿಬ್ಬಕ್ಕೆ ವೃತ್ತ ಬರೆದ ಕಾಗದ ಚುಚ್ಚಿ ಹೊಡೆಯುವರು. ಅದೇ ಅವರ ಪೂಜೆ. ಎಳನೀರು ಹಾಳುಮಾಡುವ ಕೋತಿಗಳಿಗೆ ಒಂದೆರಡು ಹೊಡೆಯಿರಿ ಅಂತ ಊರವರು ಎಷ್ಟು ಕೇಳಿಕೊಂಡರೂ ಜಗ್ಗಲಿಲ್ಲ. "ಜೀವ ಇರೋದ್ರ ಮ್ಯಾಲೆ ಗುರಿ ಹಿಡಿದಿದ್ದು ಸಾಕಾಗೈತೆ. ಕಾಗದ ಆದ್ರೆ ಅಳಾಕಿಲ್ಲ" ಅನ್ನುತ್ತಿದ್ದರು.

ಆ ಪೂಜೆಯನ್ನು ನಡುಕ ಕಿತ್ತುಕೊಂಡಿತು. ಒಂದು ಭಾನುವಾರ ಬಂದೂಕನ್ನು ಗೋಡೆಯ ಮೊಳೆಗೆ ತೂಗುಹಾಕಿ, ಕಾಫಿ ಲೋಟ ಹಿಡಿದು ತೋಟದ ಕಡೆ ನೋಡುತ್ತಾ ಕೂತುಬಿಟ್ಟರು. ಕಾಫಿ ತುಳುಕಿ ಪಂಚೆ ಮೇಲೆ ಬೀಳುತ್ತಿತ್ತು. ನಾನು ಹಗರೆ ಕಡೆಯವಳು, ಅರಸೀಕೆರೆಯ ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ, ಬಾಯಿ ಸ್ವಲ್ಪ ಜೋರು. "ಏನ್ ಮಾವ, ಶಸ್ತ್ರಸಂನ್ಯಾಸವಾ?" ಅಂದೆ. "ಚೀಲದ ಮ್ಯಾಲೆ ಮಡಗಿ ಹೊಡೀಬೌದು. ಹೊಲ್ಕೊಡೋರು ಯಾರು?" ಅಂದರು. ನನ್ನ ಹೊಲಿಗೆ ಮೆಷಿನ್ ಧೂಳು ತಿನ್ನುತ್ತಿತ್ತು. ಅವತ್ತೇ ಕೂತೆ.

ಚೀಲ ಎರಡು ಬೇಕು, ನಳಿಗೆಯ ಕೆಳಗೆ ದೊಡ್ಡದೊಂದು, ಹಿಂದೆ ಭುಜಕ್ಕೆ ಒತ್ತುವ ಹಿಡಿಯ ಕೆಳಗೆ ಚಿಕ್ಕದೊಂದು. ದೊಡ್ಡದಕ್ಕೆ ಮರಳು ತುಂಬಿದೆ, ಕಲ್ಲಿನ ಬಸವನ ಹಾಗೆ ಕೂತಿತು. ಪೇಚಾಟ ಶುರುವಾದದ್ದು ಚಿಕ್ಕದರಲ್ಲಿ. ಎಡಗೈಯಲ್ಲಿ ಅದನ್ನು ಹಿಂಡಿದರೆ ಬಂದೂಕು ಕೂದಲೆಳೆಯಷ್ಟು ಏಳಬೇಕು, ಸಡಿಲಿಸಿದರೆ ಇಳಿಯಬೇಕು. ಕೈಯ ನಡುಕ ಮಾತ್ರ ಚೀಲದೊಳಗೇ ಇಂಗಿಹೋಗಬೇಕು. ಮರಳು ಹಿಂಡಲು ಬಗ್ಗಲಿಲ್ಲ. ತೆಂಗಿನ ನಾರಿನ ಪುಡಿ ನಮ್ಮ ಕಡೆ ಬೇಕಾದಷ್ಟು, ಆದರೆ ಅದು ಪುಟಿಯಿತು. ಭತ್ತದ ಹೊಟ್ಟು ತುಂಬಿದರೆ ಕರಕರ ಅನ್ನುವುದಲ್ಲದೆ ನಡುಕವನ್ನು ಇನ್ನಷ್ಟು ಹೆಚ್ಚಿಸಿ ಬಂದೂಕಿಗೆ ದಾಟಿಸಿತು. ಪ್ರತಿ ಸಲವೂ ಮಾವ ಕೆನ್ನೆ ಒತ್ತಿ, ಕಣ್ಣು ಕಿರಿದು ಮಾಡಿ ನೋಡಿ, "ಇಲ್ಲ ಕಣವ್ವ, ಕುಣೀತೈತೆ" ಅನ್ನುವರು. ನಾನು ಬಿಚ್ಚುವುದು, ಸುರಿಯುವುದು, ಮತ್ತೆ ಹೊಲಿಯುವುದು.

ರಾಗಿ ತುಂಬಿದಾಗ ಅವರ ಮುಖ ಅರಳಿತು. ಅರಳಿದ್ದು ಅವರ ಮುಖ ಒಂದೇ. ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು. "ಉಣ್ಣೋ ರಾಗಿ ಮ್ಯಾಲೆ ಬಂದೂಕ ಮಡಗ್ತೀರಾ? ಲಕ್ಷ್ಮಿ ಎದ್ದು ಹೋಯ್ತಾಳೆ, ನೋಡ್ತಿರಿ!" ಲಕ್ಷ್ಮಿ ಎದ್ದೇನೂ ಹೋಗಲಿಲ್ಲ. ಮಾವ ಚೀಲವನ್ನು ತೋಟದ ಕಲ್ಲುಬೆಂಚಿನ ಮೇಲೆ ಮರೆತು ಬಂದರು, ಜಡಿಮಳೆ ಹಿಡಿಯಿತು, ಬಿಟ್ಟ ಮೇಲೆ ಹೋಗಿ ನೋಡಿದರೆ ಬಟ್ಟೆಯ ಸಂದಿಯಿಂದ ಹಸಿರು ಮೊಳಕೆ ಎದ್ದು ನಿಂತಿತ್ತು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಂದೂಕ ಬಿತ್ತೀರಲ್ಲ, ಇನ್ನೇನು ಬೆಳೀತದೋ ನೋಡಾನ!" ಮಾವ ಮುಖ ಸಪ್ಪೆ ಮಾಡಿಕೊಂಡು ಅದನ್ನು ಹಸುವಿನ ಮುಂದೆ ಸುರಿದರು. ಬಂದೂಕು ಮತ್ತೆ ಮೊಳೆಗೆ ಹೋಯಿತು.

ಇನ್ನು ಸಾಸಿವೆಯ ಮಾತು. ನಮ್ಮ ಕಡೆ ಕೂಸು ಹುಟ್ಟಿದರೆ ತಲೆ ದುಂಡಗಾಗಲೆಂದು ಸಾಸಿವೆ ತುಂಬಿದ ಪುಟ್ಟ ದಿಂಬಿನ ಮೇಲೆ ಮಲಗಿಸುತ್ತಾರೆ. ನನ್ನ ಗಂಡ ಹುಟ್ಟಿದಾಗ ಅತ್ತೆ ತಮ್ಮ ಹಸಿರು ಸೀರೆಯ ಸೆರಗು ಹರಿದು ಹೊಲಿದ ದಿಂಬೊಂದು ಟ್ರಂಕಿನಲ್ಲಿತ್ತು. ಕೂಸು ಮಲಗಿದ ಸಾಸಿವೆಯನ್ನು ನಮ್ಮ ಮನೆಯಲ್ಲಿ ಒಗ್ಗರಣೆಗೆ ಹಾಕುವುದಿಲ್ಲ, ಮುಂದಿನ ಕೂಸಿಗೆ ಎತ್ತಿಡುತ್ತಾರೆ. ಪ್ರತಿ ವರ್ಷ ಯುಗಾದಿಗೆ ಮುಂಚೆ ಟ್ರಂಕಿನ ಬಟ್ಟೆಬರೆಗಳ ಜೊತೆ ಅದೂ ಅಂಗಳದ ಚಾಪೆಗೆ ಬಂದು ಬಿಸಿಲು ಕಾಯಿಸಿಕೊಳ್ಳುತ್ತಿತ್ತು.

ನನಗೆ ಮಕ್ಕಳಾಗಲಿಲ್ಲ. ಹಾಸನದ ಆಸ್ಪತ್ರೆ ಆಯಿತು, ಬೇಲೂರಿನ ಹರಕೆ ಆಯಿತು, ಎರಡು ಸಲ ಬಸಿರು ನಿಂತಂತೆ ಮಾಡಿ ನಿಲ್ಲದೆ ಹೋಯಿತು. ಅತ್ತೆ ಕೆಟ್ಟವರಲ್ಲ, ನನ್ನನ್ನು ಒಂದು ಮಾತೂ ಆಡಲಿಲ್ಲ. ಆದರೆ ದಿಂಬನ್ನು ಮಾತ್ರ ಬಿಸಿಲಿಗೆ ಹಾಕುವರು. ಎದುರುಮನೆಯಾಕೆ ತಪ್ಪದೆ ಬಂದು ನಿಂತು, "ಇದ್ಯಾತಕ್ಕವ್ವ ಇನ್ನೂ?" ಅನ್ನುವಳು. "ಬರೋ ಕೂಸಿಗೆ ಬ್ಯಾಡ್ವಾ?" ಅಂತ ಅತ್ತೆ ಹೇಳುವರು. ಒಳಗೆ ನಾನು ಪಾತ್ರೆಗಳನ್ನು ಬೇಕಂತಲೇ ಸದ್ದು ಮಾಡಿ ತೊಳೆಯುತ್ತಿದ್ದೆ. ಆ ಅಂಗೈಯಗಲದ ದಿಂಬಿಗೆ ನಾನು ಹೆದರಿದಷ್ಟು ಯಾವ ಹಾವಿಗೂ ಹೆದರಿಲ್ಲ.

ರಾಗಿ ಮೊಳೆತ ಮಳೆಗಾಲ ಕಳೆದು ಬಂದ ಯುಗಾದಿ. ಅಂಗಳದಲ್ಲಿ ಚಾಪೆ, ಚಾಪೆಯ ಮೇಲೆ ದಿಂಬು, ಎದುರುಮನೆಯಾಕೆ ಆಗಲೇ ಬಂದು ನಿಂತಿದ್ದಳು. ಮಾವ ಜಗಲಿಯಿಂದ ಇಳಿದು ಬಂದು, ಬಗ್ಗಿ ದಿಂಬನ್ನು ಎತ್ತಿಕೊಂಡು, ಎಡಗೈಯಲ್ಲಿ ಹಿಂಡಿ ನೋಡಿದರು. ಬಿಟ್ಟರು, ಮತ್ತೆ ಹಿಂಡಿದರು.

"ಇದೇ ಕಣೇ. ಇದು ನಂಗೆ ಬೇಕು, ಬಂದೂಕಕ್ಕೆ" ಅಂದರು.

ಅತ್ತೆ ಹೌಹಾರಿದರು. "ಅಯ್ಯೋ ಬುಡ್ರೀ! ಅದು ನನ್ ಮೊಮ್ಮಗೂದು!"

"ಮೊಮ್ಮಗು ಬಂದ್ರೆ ನನ್ ತೊಡೆ ಮ್ಯಾಲೆ ಮಲಗ್ಲಿ. ನನ್ ಕೈ ಇವತ್ತೇ ನಡುಗ್ತಾ ಐತೆ."

ನಾನು ಒದ್ದೆ ಕೈಯಲ್ಲೇ ಓಡಿ ಬಂದೆ. "ಅರಸೀಕೆರೆಯಿಂದ ಹೊಸ ಸಾಸಿವೆ ತರ್ತೀನಿ ಮಾವ, ಎಷ್ಟು ಬೇಕು ಹೇಳಿ" ಅಂದೆ. ದ್ವೇಷಿಸುತ್ತಿದ್ದ ದಿಂಬನ್ನು ಯಾಕೆ ಕಾಪಾಡಲು ಹೋದೆನೋ! ಅದು ಹೋದರೆ ಆಸೆಯೂ ಹೋದಂತೆ ಅನ್ನಿಸಿರಬೇಕು. ಮಾವ ನನ್ನ ಮುಖ ನೋಡದೆ, "ಹೊಸದು ಎಣ್ಣೆ ಬುಡ್ತೈತೆ. ಹಳೇದೇ ಆಗ್ಬೇಕು" ಅಂದರು. ಎದುರುಮನೆಯಾಕೆಯ ಕಡೆ ತಿರುಗಿ, "ಏನವ್ವ, ಇನ್ನೇನಾರಾ ಕೇಳಾದೈತಾ?" ಅಂದರು. ಅವಳು ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನನ್ನ ಗಂಡ ಕೊಬ್ಬರಿ ಚೀಲ ಹೊರುವ ನೆಪದಲ್ಲಿ ತೋಟದ ಕಡೆ ಮಾಯವಾದರು.

ಮಧ್ಯಾಹ್ನ ಜಗಲಿ ಮೇಲೆ ಕೂತು ಹಸಿರು ಬಟ್ಟೆಯ ಹೊಲಿಗೆ ಬಿಚ್ಚಿದೆ. ಸಾಸಿವೆ ತಟ್ಟೆಗೆ ಸುರಿದಾಗ ಮಳೆ ಶುರುವಾದಂಥ ಸಣ್ಣ ಸದ್ದು. ಕಣ್ಣೀರು ತಡೆಯಲಾಗಲಿಲ್ಲ. ಮಾವ ಪಕ್ಕದಲ್ಲೇ ಕೂತಿದ್ದರು, ಬೆರಳು ಉಜ್ಜುತ್ತಾ. "ಅಳಬ್ಯಾಡ ಅನ್ನಾಕಿಲ್ಲ ಕಣ್ ಮಗ. ಅತ್ಕಂಡೇ ಹೊಲಿ" ಅಂದರು. ಅಷ್ಟೇ. ಹೊಲಿದು ಮುಗಿಯುವವರೆಗೂ ಎದ್ದು ಹೋಗಲಿಲ್ಲ. ಸಂಜೆ ಹೊತ್ತಿಗೆ ದಪ್ಪ ಖಾಕಿ ಬಟ್ಟೆಯೊಳಗೆ ಸಾಸಿವೆ ಸೇರಿತು.

ಮಾರನೇ ಭಾನುವಾರ ಬಂದೂಕು ಮೊಳೆಯಿಂದ ಇಳಿಯಿತು. ಹಿಡಿಯ ಕೆಳಗಿನ ಚೀಲವನ್ನು ಮಾವ ಹಿಡಿದುಕೊಂಡರು. ಕೈ ನಡುಗುತ್ತಲೇ ಇತ್ತು, ಸಾಸಿವೆ ಒಳಗೊಳಗೇ ಸರಿದು ಜಾಗ ಕೊಟ್ಟಿತು, ನಳಿಗೆ ಮಾತ್ರ ಅಲುಗಲಿಲ್ಲ. ಕಾಗದದ ನಡುವೃತ್ತದಲ್ಲಿ ತೂತು ಬಿತ್ತು. ಮಾವ ತಲೆ ಎತ್ತಲಿಲ್ಲ. ಆಮೇಲೆ, "ಈಗ ನೀನು ಬಾ" ಅಂದರು. ನಾನೇನು ಮಾಡಲಿ ಅಂದರೆ, "ಉಸ್ರು ಎಳ್ಕೊ. ಅರ್ಧ ಬುಡು, ಮಿಕ್ಕಿದ್ದು ಮಡಿಕ್ಕೊ. ಗುಂಡು ಹೋದ ಮ್ಯಾಲೆ ಅದ್ರ ಹಿಂದೆ ಓಡ್ಬ್ಯಾಡ" ಅಂದರು. ಅಲ್ಲಿಂದಾಚೆಗೆ ಭಾನುವಾರಗಳು ನಮ್ಮಿಬ್ಬರವು.

ಹಳೇ ಸಾಸಿವೆಯೇ ಆಗಬೇಕು ಅಂದದ್ದು ಸುಳ್ಳು. ಹೊಸದನ್ನು ನಾಲ್ಕು ದಿನ ಬಿಸಿಲಿಗೆ ಹಾಕಿದ್ದರೆ ಸಾಕಿತ್ತು, ಅದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಯುಗಾದಿಗೂ ನಾನು ಬಡಿಯುತ್ತಿದ್ದ ಪಾತ್ರೆಗಳ ಸದ್ದನ್ನು ಆ ಮನೆಯಲ್ಲಿ ಕೇಳಿಸಿಕೊಂಡವರು ಅವರೊಬ್ಬರೇ. ನಾನು ಬಾಯಿಬಿಟ್ಟು ಕೇಳಲಿಲ್ಲ, ಅವರು ಹೇಳಲಿಲ್ಲ.

ಹೋದ ವರ್ಷ ಚಳಿ ಮುಗಿಯುವ ಹೊತ್ತಿಗೆ ಮಾವ ಹಾಸಿಗೆ ಹಿಡಿದರು. ನುಂಗಲಾಗದು, ಮಾತು ಹೊರಡದು. ಕೈ ಮಾತ್ರ ಮಂಚದ ಪಟ್ಟಿಗೆ ಟಕಟಕ ಬಡಿಯುತ್ತಿತ್ತು. ಒಂದು ಬೆಳಗ್ಗೆ ಅತ್ತೆ ತಾವೇ ಹೋಗಿ ಖಾಕಿ ಚೀಲ ತಂದರು. ಆ ಯುಗಾದಿಯಿಂದ ಅದನ್ನು ಮುಟ್ಟಿದವರೇ ಅಲ್ಲ ಅವರು. "ಇದ್ರ ಮ್ಯಾಲೆ ಮಡೀಕಳಿ" ಅಂತ ಮಾವನ ಕೈ ಎತ್ತಿ ಅದರ ಮೇಲಿಟ್ಟರು. ಬಡಿತ ನಿಂತಿತು. ಸಾಸಿವೆ ಸರಿಯುವ ಸಣ್ಣ ಸದ್ದಷ್ಟೇ ಉಳಿಯಿತು, ಮಧ್ಯಾಹ್ನದ ಹೊತ್ತಿಗೆ ಅದೂ ನಿಂತಿತು.

ಅವರಿಲ್ಲದ ಭಾನುವಾರಗಳು ನನಗೆ ಇನ್ನೂ ಅಭ್ಯಾಸವಾಗಿಲ್ಲ. ಎರಡು ಲೋಟ ಕಾಫಿ ಬೆರೆಸಿಬಿಡುತ್ತೇನೆ. ತೋಟದಲ್ಲಿ ಬಂದೂಕು ಇಟ್ಟು ಕೂತಾಗ ಹಿಂದಿನಿಂದ "ಉಸ್ರು, ಮಗ" ಅಂತ ಯಾರಾದರೂ ಅನ್ನಬಾರದೇ ಅಂತ ಕಾಯುತ್ತೇನೆ, ಹುಚ್ಚಿಯ ಹಾಗೆ.

ಈ ಯುಗಾದಿಗೆ ಅತ್ತೆ ಟ್ರಂಕಿನ ಬಟ್ಟೆಗಳನ್ನು ಅಂಗಳಕ್ಕೆ ಹಾಕಿದರು. ಚಾಪೆಯ ತುದಿಯಲ್ಲಿ ಖಾಕಿ ಚೀಲವನ್ನೂ ಇಟ್ಟು, ಎರಡೂ ಮಗ್ಗುಲು ಬಿಸಿಲು ತಾಗುವಂತೆ ತಿರುವಿ ಹಾಕಿದರು. ಎದುರುಮನೆಯಾಕೆ ಬಂದಳು, ಬರದೆ ಇರುತ್ತಾಳೆಯೇ! "ಇದ್ಯಾತಕ್ಕವ್ವ ಇನ್ನೂ?" ಅಂದಳು. ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದೆ.

"ನಮ್ ಸೊಸೇದು" ಅಂದರು ಅತ್ತೆ. "ಬಂದೂಕ ಮಡಗಾಕೆ. ಅವ್ರು ಅವಳಿಗೆ ಅಂತ್ಲೇ ಮಾಡ್ಸಿದ್ದು."