ತುಳಸಿ ಅಳೆದುಕೊಟ್ಟ ಹೂವು

ತುಳಸಿಯ ಕೈ ಉದ್ದ. ಮೊಳ ಹಾಕಿ ಹೂವು ಮಾರುವವಳಿಗೆ ಇಷ್ಟು ಉದ್ದದ ಕೈ ಇರಬಾರದು ಎಂದು ಅವಳ ಗಂಡ ದೇವೇಂದ್ರ ಕೀಟಲೆ ಮಾಡುತ್ತಿದ್ದ. ಅದೂ ಸಾಲದೆಂಬಂತೆ ಅವಳು ಮೊಣಕೈಯಿಂದ ನಡುಬೆರಳ ತುದಿಯವರೆಗೆ ಅಳೆದು, ಅದರ ಮೇಲೆ ಇನ್ನೂ ನಾಲ್ಕು ಬೆರಳು ಬಿಟ್ಟು ಕತ್ತರಿಸುತ್ತಿದ್ದಳು. ಯಾಕೆ ಎಂದು ಕೇಳಿದರೆ, "ಮನೆ ಸೇರೋದ್ರೊಳಗೆ ಬಾಡೋ ಹೂವಿಗೆ ಅದು" ಎನ್ನುತ್ತಿದ್ದಳು.

ನಾನು ವಾರಿಜಾ, ಉಡುಪಿಯವಳು, ಈಗ ಇರುವುದು ಕಡಲಾಚೆಯ ದೇಶದಲ್ಲಿ. ನಿಲಾಯ್‌ನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ರೋಗಾಣುಗಳು ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತವೆ ಎಂಬುದು ನನ್ನ ವಿಷಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಎನ್ನುವ ದಾರಿ ನನಗೆ ಉಳಿಯಬಾರದು.

ತುಳಸಿಯ ಪರಿಚಯವಾದದ್ದು ೨೦೨೦ರ ಜನವರಿಯಲ್ಲಿ, ದಾರಿ ತಪ್ಪಿ. ಗಂಡ ಮಧ್ವರಾಜ, ಮಗಳು ಶ್ರೀಯಾ ಮತ್ತು ನಾನು ಜೆಲೆಬು ಕಡೆ ಯಾವುದೋ ಜಲಪಾತ ನೋಡಲು ಹೊರಟಿದ್ದೆವು. ಪ್ರತಿ ರಜೆಗೂ ಹೀಗೆ ಒಂದು ಹಳ್ಳಿ ನೋಡಿ, ಫೋಟೋ ತೆಗೆದು, ತೋಟದವರ ಬಾಳು ಎಷ್ಟು ನೆಮ್ಮದಿ ಎಂದು ಹೊಗಳಿ, ಸಂಜೆಗೆ ಎ.ಸಿ. ಮನೆಗೆ ವಾಪಸಾಗುವ ಜಾತಿ ನಮ್ಮದು. ಎಣ್ಣೆತಾಳೆಯ ತೋಟಗಳ ನಡುವಿನ ಮಣ್ಣುರಸ್ತೆಯಲ್ಲಿ ಕಾರು ನಿಂತಾಗ ಕಿಟಕಿಯಿಂದ ಮಲ್ಲಿಗೆಯ ವಾಸನೆ ಬಂತು. ನೋಡಿದರೆ ಬೇಲಿಯಾಚೆ ಎರಡು ಎಕರೆ ಮಲ್ಲಿಗೆ, ನಡುವೆ ತಗಡಿನ ಸೂರಿನ ಮರದ ಮನೆ, ಬೇಲಿಯ ಮೂಲೆಯಲ್ಲಿ ಮುನೀಶ್ವರನ ಕಲ್ಲು. ನಾವು ಕನ್ನಡದಲ್ಲಿ ಜಗಳವಾಡುತ್ತಿದ್ದುದನ್ನು ಕೇಳಿಸಿಕೊಂಡು ಒಬ್ಬ ಹೆಂಗಸು ಬೇಲಿಯ ಹತ್ತಿರ ಬಂದಳು.

"ನೀವು ಕನ್ನಡಮಾ? ನಮ್ಮ ಪಾಟಿ ಹೊಸೂರು ಪಕ್ಕ. ಮನೇಲಿ ಇದೇ ಪೇಚು ಇತ್ತು" ಎಂದಳು. ಪಾಟಿ ಎಂದರೆ ಅವಳ ಅಜ್ಜಿ, ಪೇಚು ಎಂದರೆ ಮಾತು. ಮರುಮಾತು ಕಾಯದೆ, ಆ ದೇಶದ ಮಾತೂ ಬೆರೆಸಿ, "ಮಾಕಾನ್ ಆಯ್ತಾ? ಊಟ ಮಾಡ್ಕೊಂಡು ಹೋಗಿ ಲಾ" ಎಂದಳು.

ಆವತ್ತು ಜಲಪಾತ ನೋಡಲಿಲ್ಲ. ಅನ್ನ, ಹುಳಿ, ಹುರಿದ ಬೆಂಡೆಕಾಯಿ ಉಂಡು, ಅವಳ ಕಥೆ ಕೇಳುತ್ತಾ ಕೂತೆವು. ಹುಟ್ಟಿದ್ದು ರಬ್ಬರ್ ಎಸ್ಟೇಟಿನ ಲೈನ್ ಮನೆಯಲ್ಲಿ. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಅವ್ವನ ಹಿಂದೆ ಹಾಲಿಗಾಗಿ ರಬ್ಬರ್ ಮರ ಕೆತ್ತಲು ಹೋದವಳು. ಇಪ್ಪತ್ತೆಂಟು ವರ್ಷ ಅದೇ ಕೆಲಸ. ಎಸ್ಟೇಟು ಮಾರಾಟವಾಗಿ ಮರಗಳೆಲ್ಲ ಉರುಳಿದಾಗ ಅವಳಿಗೂ ದೇವೇಂದ್ರನಿಗೂ ಉಳಿದದ್ದು ತಲೆಗೆ ಕಟ್ಟಿಕೊಳ್ಳುವ ಎರಡು ದೀಪ. ಮುಂಜಾವದ ಕತ್ತಲಲ್ಲಿ ರಬ್ಬರ್ ಮರ ಕೆತ್ತಲು ಬಳಸುತ್ತಿದ್ದ ಆ ದೀಪ ಕಟ್ಟಿಕೊಂಡೇ ಈಗ ಮೊಗ್ಗು ಬಿಡಿಸುತ್ತಿದ್ದರು. ಮಕ್ಕಳಾಗಲಿಲ್ಲ. ಅದನ್ನು ಹೇಳುವಾಗ ಅವಳ ದನಿಯಲ್ಲಿ ಏನೂ ಬದಲಾಗಲಿಲ್ಲ, ದೇವೇಂದ್ರ ಮಾತ್ರ ಎದ್ದು ಹೋಗಿ ತಂಬಾಕಿನ ಸುರುಟ್ಟು ಹಚ್ಚಿದ.

ಅವಳು ದಾರದಲ್ಲಿ ಹೂ ಕಟ್ಟುತ್ತಿದ್ದಳು. ನಮ್ಮಲ್ಲಿ ಬಾಳೆನಾರಿನಲ್ಲಿ ಕಟ್ಟುತ್ತಾರೆ, ಹಾಗೆ ಕಟ್ಟಿದ ಹೂವು ಇನ್ನೊಂದು ದಿನ ಹೆಚ್ಚು ಬಾಳುತ್ತದೆ ಎಂದು ನಾನು ಜಂಬ ಕೊಚ್ಚಿದೆ. "ಹಂಗಾ? ಇನ್ನೊಂದ್ಸಲ ಬಂದಾಗ ಸೊಲ್ಲಿಕೊಡಿ" ಎಂದು ತಮಿಳು ಬೆರೆಸಿ ಕೇಳಿದಳು. ಹೇಳಿಕೊಡುತ್ತೇನೆ ಎಂದೆ. ಆ ವರ್ಷ ಇನ್ನೊಂದು ಸಲ ಬರಲಿಲ್ಲ.

ಮಾರ್ಚ್‌ನಲ್ಲಿ ದೇಶ ಬಾಗಿಲು ಹಾಕಿತು. ದೇವಸ್ಥಾನ ಮುಚ್ಚಿದವು, ಮದುವೆಗಳು ನಿಂತವು. ನಾನು ಆಗಾಗ ಫೋನ್ ಮಾಡುತ್ತಿದ್ದೆ. ಕೊಳ್ಳುವವರಿಲ್ಲದಿದ್ದರೂ ತುಳಸಿ ದಿನವೂ ಮೊಗ್ಗು ಬಿಡಿಸುತ್ತಿದ್ದಳು. ಗಿಡದಲ್ಲೇ ಅರಳಿ ಉದುರಿದರೆ ಗಿಡಕ್ಕೆ ಮನಸ್ಸು ಕೆಡುತ್ತದೆ ಎಂಬುದು ಅವಳ ನಂಬಿಕೆ. ಮೊದಲು ಮುನೀಶ್ವರನ ಕಲ್ಲಿಗೆ, ಆಮೇಲೆ ಬೇಲಿಯ ಗೂಟಗಳಿಗೆ ಒಂದೊಂದಾಗಿ ಮಾಲೆ ಹಾಕುತ್ತಾ ಬಂದಳು. ಎರಡು ತಿಂಗಳಲ್ಲಿ ಬೇಲಿಗೆಲ್ಲ ಒಣಗಿದ ಮಾಲೆಗಳು ಆದವಂತೆ.

೨೦೨೧ರ ಜನವರಿ ಕೊನೆಯಲ್ಲಿ ಉಡುಪಿಯಲ್ಲಿ ನನ್ನ ಅಮ್ಮ ತೀರಿಕೊಂಡಳು. ಹೋಗುವ ದಾರಿ ಇರಲಿಲ್ಲ. ಅಣ್ಣ ಹಿಡಿದ ಮೊಬೈಲಿನಲ್ಲಿ ಅಮ್ಮನ ಮುಖ ನೋಡಿದೆ, ಅದೂ ನೆಟ್‌ವರ್ಕ್ ಕೈಕೊಟ್ಟು ಅರ್ಧಕ್ಕೆ ನಿಂತಿತು. ಅಮ್ಮ ಜೀವನಪೂರ್ತಿ ಬಾಳೆನಾರಿನ ಮಲ್ಲಿಗೆ ಮುಡಿದವಳು. ಹಲ್ಲಿನಲ್ಲಿ ನಾರು ಕಚ್ಚಿ ಸೀಳಿ, ತುಟಿಯಲ್ಲಿ ಒದ್ದೆ ಮಾಡಿ, ನನ್ನ ಜಡೆಗೂ ಕಟ್ಟಿಕೊಟ್ಟವಳು. ಹದಿಮೂರನೆಯ ದಿನ ಅವಳ ಫೋಟೋಕ್ಕೆ ಅಂಥ ಒಂದು ಮೊಳವಾದರೂ ಇಡಬೇಕು ಎಂಬ ಹಟ ನನಗೆ ಹಿಡಿಯಿತು. ಅಳುವುದಕ್ಕೆ ಬದಲು ನಾನು ಹಟ ಮಾಡುತ್ತಿದ್ದೆ ಎಂದು ಈಗ ಅನಿಸುತ್ತದೆ.

ಆಗ ಹತ್ತು ಕಿಲೋಮೀಟರಿನಾಚೆ ಹೋಗುವಂತಿರಲಿಲ್ಲ, ಜಿಲ್ಲೆ ದಾಟುವಂತಂತೂ ಇರಲೇ ಇಲ್ಲ. ಆದರೆ ಆಸ್ಪತ್ರೆಯ ಕೆಲಸಕ್ಕೆ ಓಡಾಡಲು ಕಾಲೇಜು ಕೊಟ್ಟ ಪತ್ರವೊಂದು ನನ್ನ ಪರ್ಸಿನಲ್ಲಿತ್ತು. ಹನ್ನೆರಡನೆಯ ದಿನ ಬೆಳಿಗ್ಗೆ ಅದನ್ನು ಹಿಡಿದು ಒಬ್ಬಳೇ ಹೊರಟೆ. ಘಾಟಿಯ ಕೆಳಗೆ ತಡೆದ ಪೊಲೀಸಿನವನು ಪತ್ರ ಓದಿ, "ಥ್ಯಾಂಕ್ಯೂ ಡಾಕ್ಟರ್" ಎಂದು ಸಲಾಂ ಹೊಡೆದು ಬಿಟ್ಟ. ನಾನು ರೋಗಿ ನೋಡುವ ಡಾಕ್ಟರೂ ಅಲ್ಲ. ಗಂಟಲು ಹಿಂದಿನ ರಾತ್ರಿಯಿಂದ ಕೆರೆಯುತ್ತಿತ್ತು. ಅತ್ತು ಅತ್ತು ಹೀಗಾಗಿದೆ ಎಂದು ಉಪ್ಪುನೀರಿನಲ್ಲಿ ಮುಕ್ಕಳಿಸಿದ್ದೆ. ನಿಜವಾಗಿ ನಾನು ಅಷ್ಟೇನೂ ಅತ್ತಿರಲಿಲ್ಲ.

ತೋಟ ತಲುಪಿ ಬೇಲಿಯಾಚೆಯೇ ನಿಂತೆ. "ನನಗೆ ಸೂತಕ ಇದೆ ತುಳಸಿ. ನಾನು ಗಿಡದ ಹತ್ರ ಬರಲ್ಲ, ಮುನೀಶ್ವರನ ಮುಂದೆ ಹಾಯೋದೂ ಬೇಡ" ಎಂದೆ. ಸೂತಕದ ಮೈಲಿಗೆ ಅವಳ ಹೂವಿಗೆ ತಗಲಬಾರದು ಎಂದು ಅಷ್ಟು ಎಚ್ಚರ ನನಗೆ. ಕೆರೆಯುವ ಗಂಟಲಿನ ಮಾತು ಬಾಯಿಗೆ ಬರಲೇ ಇಲ್ಲ.

ಅವಳು ಬಂದು ಕೈ ಹಿಡಿದೇ ಕರೆದುಕೊಂಡು ಹೋದಳು. "ಅಮ್ಮನ ಹೂವಿಗೆ ಏನು ತೀಟ್ಟು" ಎಂದಳು. ಮೈಲಿಗೆಗೆ ಅವಳ ಮಾತು ಅದು.

ಜಗುಲಿಯಲ್ಲಿ ಮೂವರೂ ಕೂತೆವು. ಮಾಸ್ಕು ಗಲ್ಲಕ್ಕಿಳಿಸಿದೆವು, ಹಲ್ಲಿಲ್ಲದೆ ನಾರು ಸೀಳಲಾಗುವುದಿಲ್ಲ. ದೇವೇಂದ್ರ ಕೆಮ್ಮುತ್ತಾ ಬಾಳೆಯ ಪಟ್ಟೆ ಬಿಡಿಸಿಕೊಟ್ಟ. ಸುರುಟ್ಟಿನ ಕೆಮ್ಮು, ಮೊದಲ ಭೇಟಿಯಲ್ಲೂ ಇತ್ತು. ನಾನು ಅಮ್ಮನ ಹಾಗೆ ನಾರಿನ ತುದಿ ಕಚ್ಚಿ ಸೀಳಿ, ನಾಲಿಗೆಯಲ್ಲಿ ಒದ್ದೆ ಮಾಡಿ ತುಳಸಿಯ ಕೈಗೆ ಕೊಟ್ಟೆ. ಅವಳು ಕಲಿಯುವ ಹುರುಪಿನಲ್ಲಿ ಅದನ್ನೇ ತನ್ನ ತುಟಿಗಿಟ್ಟು, ಕಟ್ಟಿ, ಸಡಿಲವಾದರೆ ಗಂಡನಿಗೆ ಕೊಟ್ಟು, "ನೀ ಇಳು" ಎಂದು ಹಲ್ಲಿನಲ್ಲಿ ಕಚ್ಚಿ ಎಳೆಸಿ, ನೋಡಲು ನನ್ನ ಕೈಗೆ ಕೊಡುತ್ತಿದ್ದಳು. ಎರಡು ಗಂಟೆ ಹೀಗೆ ತಲೆಗೆ ತಲೆ ತಾಗಿಸಿ ಕೂತಿದ್ದೆವು. ಅಮ್ಮ ಸತ್ತ ಮೇಲೆ ನನಗೆ ಮನಸ್ಸು ಹಗುರವಾದದ್ದು ಆವತ್ತೇ. ಹೊರಡುವಾಗ ತುಳಸಿ ಮೊಳ ಹಾಕಿ, ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸಿಕೊಟ್ಟಳು. ಮರುದಿನ ಅಮ್ಮನ ಫೋಟೋ ಮೇಲೆ ಆ ಹೂವು ಇತ್ತು.

ಅದರ ಮರುದಿನ ಜ್ವರ ಬಂತು. ಕಾಲೇಜಿನಲ್ಲಿ ಪರೀಕ್ಷೆ ಮಾಡಿಸಿದರು, ಪಾಸಿಟಿವ್. ಆರೋಗ್ಯ ಇಲಾಖೆಯ ಹುಡುಗಿಯೊಬ್ಬಳು ಫೋನ್ ಮಾಡಿ, ಕಳೆದ ವಾರ ಎಲ್ಲೆಲ್ಲಿ ಹೋಗಿದ್ದಿರಿ, ಯಾರ ಜೊತೆ ಕೂತಿದ್ದಿರಿ ಎಂದು ಮೆತ್ತಗೆ ಕೇಳಿದಳು. ನಾನು ಕಾಲೇಜು, ಮನೆ ಎಂದೆ. ಬೇರೆ ಎಲ್ಲಾದರೂ ಎಂದು ಕೇಳಿದಳು. ಎಲ್ಲಿಗೂ ಇಲ್ಲ ಎಂದೆ. ಸುಳ್ಳು ಹೇಳಿದೆ, ಬೇರೆ ಪದ ಇಲ್ಲ. ನಿಜ ಹೇಳಿದ್ದರೆ ಅವರು ಆ ದಿನವೇ ತುಳಸಿಯ ಮನೆಗೆ ಹೋಗುತ್ತಿದ್ದರು. ದೇವೇಂದ್ರನಿಗೆ ಉಸಿರು ಕಟ್ಟುವ ಮೊದಲೇ ಹಾಸಿಗೆ ಸಿಗುತ್ತಿತ್ತು.

"ಈಗ ಫೋನ್ ಗೀನ್ ಮಾಡೋದ್ ಬೇಡ" ಎಂದ ಮಧ್ವರಾಜ, ಬಾಗಿಲಾಚೆ ನಿಂತು. "ಆ ಲೆಟರ್ ವಿಷ್ಯ ಹೊರಗ್ ಬಂದ್ರೆ ಕೆಲಸ ಹೋಗತ್ತೆ, ವೀಸಾನೂ ಹೋಗತ್ತೆ. ಅವರಿಗೇನೂ ಆಗಿರಲ್ಲ, ಓಪನ್ ಏರ್ ಅಲ್ವಾ."

ಹದಿಮೂರರ ಶ್ರೀಯಾ ಅವನ ಹಿಂದಿನಿಂದ, "ಅಮ್ಮಾ, ಡಿಡ್ ಯು ಟೆಲ್ ಫ್ಲವರ್ ಆಂಟಿ?" ಎಂದಳು.

"ಹೇಳ್ತೀನಿ ಪುಟ್ಟ" ಎಂದೆ.

ಹೇಳಲಿಲ್ಲ. ಅಂಬುಲೆನ್ಸು ಬಂತು, ಕ್ವಾರಂಟೈನ್ ಕೇಂದ್ರದ ರಟ್ಟಿನ ಮಂಚದ ಮೇಲೆ ಹತ್ತು ದಿನ ಮಲಗಿದೆ. ಫೋನು ದಿಂಬಿನ ಪಕ್ಕದಲ್ಲೇ ಇತ್ತು. ನಾಳೆ ಮಾಡುತ್ತೇನೆ ಎಂದುಕೊಳ್ಳುವುದು, ನಾಳೆ ಬಂದರೆ ಇನ್ನು ತಡವಾಯಿತಲ್ಲ ಎಂದುಕೊಳ್ಳುವುದು. ಎಂಟನೆಯ ದಿನ ತುಳಸಿಯೇ ನನ್ನ ಮನೆಯ ನಂಬರಿಗೆ ಫೋನ್ ಮಾಡಿದ್ದಳು. ದೇವೇಂದ್ರನನ್ನು ಆಸ್ಪತ್ರೆಗೆ ಒಯ್ದರು ಎಂದು ಹೇಳಲು. ಮಧ್ವರಾಜ ಗಾಬರಿಯಲ್ಲಿ, "ವಾರಿಜಾಗೂ ಕೋವಿಡ್ ಆಗಿದೆ, ಸೆಂಟರಲ್ಲಿದ್ದಾಳೆ" ಎಂದನಂತೆ. ಯಾವಾಗಿನಿಂದ ಎಂದು ಹೇಳಲಿಲ್ಲ. ಕೂಡಲೇ ಆ ಕಡೆಯಿಂದ ಫೋನು ಕಟ್ಟಾಯಿತಂತೆ.

ಅವಳಿಗೆ ಗೊತ್ತಾಯಿತು, ಮುಗಿಯಿತು ಎಂದುಕೊಂಡೆ. ಆಮೇಲೆ ನಾನು ಮಾಡಲಿಲ್ಲ, ಅವಳೂ ಮಾಡಲಿಲ್ಲ. ಎರಡು ವಾರ ಕಳೆದು ನಿಲಾಯ್‌ನ ಹೂವಿನಂಗಡಿಯವನು ದೇವೇಂದ್ರ ತೀರಿಹೋದ ಸುದ್ದಿ ಹೇಳಿದ. ನಾನು ಅಂಗಡಿಯಿಂದ ಹೂ ಕೊಳ್ಳದೆ ಮನೆಗೆ ಬಂದೆ. ಅದೇ ವಾರ ತರಗತಿಯಲ್ಲಿ, ಸೋಂಕು ಎಲ್ಲಿಂದ ಹೊರಟಿತು ಎಂದು ಹಿಂದೆ ಹಿಂದೆ ಹೋಗಿ ಪತ್ತೆ ಮಾಡುವ ಪಾಠವಿತ್ತು. ಚೆನ್ನಾಗಿಯೇ ಪಾಠ ಮಾಡಿದೆ.

ನವೆಂಬರಿನಲ್ಲಿ, ರಸ್ತೆಗಳು ತೆರೆದ ಮೇಲೆ, ಹೋದೆ. ಹೇಳಿಯೇ ಬರುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ ಹೋದೆ. ಕಾರಿನಲ್ಲಿ ಮಾತುಗಳನ್ನು ಬಾಯಿಪಾಠ ಮಾಡಿದೆ. ಬಯ್ಯಲಿ, ಉಗಿಯಲಿ, ಬೇಲಿಯಿಂದಲೇ ಓಡಿಸಲಿ, ನನಗೆ ಅದೇ ಬೇಕಿತ್ತು.

ತೋಟ ಅರ್ಧಕ್ಕರ್ಧ ಹಾಳುಬಿದ್ದಿತ್ತು. ಒಬ್ಬಳ ಕೈಯಲ್ಲಿ ಎರಡು ಎಕರೆ ಆಗುವುದಿಲ್ಲ. ತುಳಸಿ ಜಗುಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದಳು, ಬಾಳೆನಾರಿನಲ್ಲಿ. ನನ್ನನ್ನು ಕಂಡು ಎದ್ದವಳು ಎರಡು ಹೆಜ್ಜೆ ಹಿಂದೆ ಸರಿದಳು. ಸಿಟ್ಟು ಎಂದುಕೊಂಡೆ.

"ಮೈ ಸರಿಯಾಯ್ತಾ?" ಎಂದಳು. "ಉಸಿರು ಗಿಸಿರು ಕಷ್ಟ ಇಲ್ವಲ್ಲ?"

ಇಲ್ಲ ಎಂದೆ. ಅವಳು ಅಲ್ಲಿಯೇ ಕೂತಳು.

"ನಿಮ್ಮ ಮುಖ ನೋಡೋಕೆ ನನಗೆ ಯೋಗ್ಯತೆ ಇಲ್ಲಮ್ಮ. ಅಮ್ಮ ಸತ್ತ ದುಃಖದಲ್ಲಿ ನಮ್ಮ ಮನೆಗೆ ಬಂದ್ರಿ. ನಮ್ಮವರಿಗೆ ಆವತ್ತೇ ಕೆಮ್ಮು ಇತ್ತು, ನೀವೂ ನೋಡಿದ್ರಿ. ನಾನು ಸುರುಟ್ಟು ಕೆಮ್ಮು ಅಂದ್ಕೊಂಡೆ. ಅವರು ಕಚ್ಚಿದ ನಾರನ್ನೇ ನಿಮ್ಮ ಕೈಗೆ ಕೊಟ್ಟೆ. ನಿಮಗೆ ಬಂತು ಅಂತ ನಿಮ್ಮ ಮನೆಯವರು ಫೋನಲ್ಲಿ ಹೇಳಿದಾಗ ನನ್ನ ಜೀವ ಹೋಯ್ತು. ತಿರುಗಿ ಫೋನಲ್ಲಿ ಕೂಪಿಟ್ಟು ಕೇಳೋಕೆ ಭಯ. ನೀವೂ ಹೋಗಿಬಿಟ್ಟಿದ್ರೆ ಏನು ಮಾಡ್ಲಿ ಅಂತ."

ಬಾಯಿಪಾಠ ಮಾಡಿದ ಮೊದಲ ಮಾತು ನನ್ನ ನಾಲಿಗೆಯ ಮೇಲೆ ಇತ್ತು.

ಅವಳು ಹೇಳುತ್ತಲೇ ಹೋದಳು. ಆಸ್ಪತ್ರೆಯವರು ಮುಖ ತೋರಿಸಲಿಲ್ಲ. ಚಿತಾಗಾರದಲ್ಲಿ ಚೀಲವನ್ನು ದೂರದಿಂದ ನೋಡಿದಳು. ಇಪ್ಪತ್ತು ಮೊಳ ಕಟ್ಟಿಕೊಂಡು ಹೋಗಿದ್ದಳು, ಒಂದು ಮೊಗ್ಗನ್ನೂ ಇಡಲು ಬಿಡಲಿಲ್ಲ. ವಾಪಸು ತಂದು ಬೇಲಿಯ ಗೂಟಕ್ಕೆ ಹಾಕಿದಳು. "ನಿಮ್ಮ ಅಮ್ಮನಿಗಾದ್ರೂ ಹೂ ಹೋಯ್ತಲ್ಲ, ಅದೊಂದು ನೆಮ್ಮದಿ" ಎಂದಳು.

ಮುನೀಶ್ವರನ ಕಲ್ಲಿನ ಕಡೆ ಕೈ ತೋರಿಸಿದಳು. ಅಲ್ಲಿ ಬಾಳೆನಾರಿನ ಮಾಲೆಗಳು, ಒಣಗಿದವು, ಹಸಿಯವು. ಪ್ರತಿ ಶುಕ್ರವಾರ ಒಂದು, ನನ್ನ ಹೆಸರಿನಲ್ಲಿ. ಒಂಬತ್ತು ತಿಂಗಳು, ಗಂಡ ಸತ್ತ ಹೆಂಗಸು, ನಾನು ಬದುಕಲಿ ಎಂದು ಹರಕೆ ಕಟ್ಟಿದ್ದಳು.

"ಮನ್ನಿಚ್ಚಿಡುಮ್ಮ. ಕ್ಷಮಿಸಿದೆ ಅಂತ ಒಂದು ವಾರ್ತೆ, ಒಂದೇ ಮಾತು ಹೇಳಿ. ಅದು ಇಲ್ಲದೆ ನಿದ್ದೆ ಇಲ್ಲ ನನಗೆ" ಎಂದಳು.

ಈ ಬರಹವನ್ನು ಕನ್ನಡದಲ್ಲಿ ಬರೆಯುತ್ತಿರುವುದು ಅವಳಿಗೆ ಕನ್ನಡ ಓದಲು ಬರುವುದಿಲ್ಲ ಎಂಬ ಧೈರ್ಯದಿಂದ. ಆವತ್ತು ನಿಜ ಹೇಳಿದ್ದರೆ ಅವಳಿಗೆ ನೋವಾಗುತ್ತಿತ್ತು, ಅದಕ್ಕೇ ಹೇಳಲಿಲ್ಲ ಎಂದು ಮಧ್ವರಾಜನಿಗೆ ಹೇಳಿದ್ದೇನೆ. ಅವನು ಹೌದೌದು ಎಂದ. ನಿಜವೇನೆಂದರೆ, ಅಪರಾಧವನ್ನು ಹೊತ್ತುಕೊಳ್ಳಲು ಇನ್ನೊಬ್ಬರು ತಾವಾಗಿ ಬಂದು ನಿಂತಾಗ ನನಗೆ ಹಾಯೆನಿಸಿತು.

"ಪರವಾಗಿಲ್ಲ ತುಳಸಿ" ಎಂದೆ. "ಬೇಜಾರು ಮಾಡ್ಕೋಬೇಡಿ. ಯಾರದೂ ತಪ್ಪಲ್ಲ. ನಾನು ಕ್ಷಮಿಸಿದೀನಿ."

ಅವಳು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಕಟ್ಟಿದ ಹೂವನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದಳು. ನಾಲ್ಕು ಬೆರಳು ಬಿಟ್ಟಳು. ಕತ್ತರಿ ಇಡುವ ಮೊದಲು ಏನೋ ನೆನಪಾದವಳಂತೆ ಇನ್ನೊಂದು ಇಡೀ ಮೊಳ ಹಾಕಿ, ಅಲ್ಲಿ ಕತ್ತರಿಸಿದಳು.

"ಇದು ಅಮ್ಮನಿಗೆ, ಅದು ನಿಮಗೆ" ಎಂದಳು. ನಾನು ಎರಡೂ ಕೈ ನೀಡಿ ತೆಗೆದುಕೊಂಡೆ.