ಬೀಸಿಕೊಡದ ಜೋಳ

ಅಕ್ಕನ ಜೋಳವನ್ನು ನಾನು ಬೀಸಿಕೊಡಲಿಲ್ಲ. ದಾವಣಗೆರೆಯ ಹತ್ತಿಮಿಲ್ಲಿನ ಮುಷ್ಕರ ಮುರಿದು ಭಾವ ಕೆಲಸಕ್ಕೆ ಹೋಗಿದ್ದರು. ಮನೆಯ ಒಲೆ ಆರಿದರೆ ದಾರಿಗೆ ಬರುತ್ತಾರೆಂದು, ಆ ಮನೆಗೆ ಯಾರೂ ಏನೂ ಕೊಡಬಾರದೆಂದು ಮುಷ್ಕರದಲ್ಲಿದ್ದ ಓಣಿಯವರು ತೀರ್ಮಾನಿಸಿದ್ದರು. ನನ್ನ ಹಿಟ್ಟಿನ ಗಿರಣಿಯೂ ಅದೇ ಓಣಿಯಲ್ಲಿತ್ತು.

ಸಿಟ್ಟು ಬಂದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ "ನ್ಯಾಯ ಹೇಳು" ಎನ್ನುವುದು ಅಕ್ಕನ ರೂಢಿ. ಒದೆಯುವ ಎಮ್ಮೆಗೂ ಹಾಗೇ ಹೇಳುತ್ತಿದ್ದಳು. ಅಂದೂ ಸೆರಗು ಸಿಕ್ಕಿಸಿಕೊಂಡೇ ಗಿರಣಿಗೆ ಬಂದು ಜೋಳದ ಬುಟ್ಟಿ ಇಟ್ಟಳು.

"ಓಣಿಯೋರ ಮಾತು ಐತಕ್ಕ," ಎಂದೆ.

"ನ್ಯಾಯ ಹೇಳು! ನಿನ್ನ ಭಾವ ಮಿಲ್ಲಿನಾಗೇ ಹೊಟ್ಟೆತುಂಬ ಉಣ್ತಾರೆ. ರೊಟ್ಟಿ ಇಲ್ದಂಗಾಗಿದ್ದು ನನ್ನ ಮಕ್ಕಳಿಗೆ ಕಣೋ!"

ನಾನು ಬುಟ್ಟಿ ಮುಟ್ಟಲಿಲ್ಲ. ಮುಷ್ಕರ ಮುಗಿಯುವವರೆಗೂ ಮಕ್ಕಳು ಇಡೀ ಜೋಳವನ್ನೇ ಬೇಯಿಸಿಕೊಂಡು ತಿಂದರು.

ಆಮೇಲೊಂದು ದಿನ ಅವಳ ಬಾಗಿಲಿಗೆ ಹೋಗಿ, ಓಣಿಗೆಲ್ಲ ಕೇಳುವಂತೆ ಹೇಳಿದೆ: "ಅಕ್ಕಾ, ನಂದು ತಪ್ಪಾತು. ಈ ಓಣಿಯೋರಿಗೆ ಹೆದರಿ ಮಕ್ಕಳಿಗೆ ರೊಟ್ಟಿ ಇಲ್ದಂಗ ಮಾಡಿದೆ."